ಅಂತಿಯೋಕ್ಯದ ಊಟ

ಹೊಳಲ್ಕೆರೆ
12 ಜೂನ್ 2023

ಮಂಗಳಾ,

ನಿನ್ನೆ ನಾನು ಫೋನಿನಲ್ಲಿ ಕಿರುಚಿದ್ದು ನಮ್ಮ ಬೀದಿಗೆಲ್ಲ ಕೇಳಿಸಿತು, ನಿನಗೊಬ್ಬಳಿಗೆ ಬಿಟ್ಟು. ಕಿವಿಗೆ ಮಿಷಿನ್ ಹಾಕಿಕೋ ಎಂದರೆ ಅದರಲ್ಲಿ ಫ್ಯಾನಿನ ಸದ್ದೇ ಹೆಚ್ಚು ಎನ್ನುತ್ತೀಯ. ಇನ್ನು ನಮ್ಮಿಬ್ಬರ ಮಾತೆಲ್ಲ ಅಂಚೆಯಲ್ಲೇ ಆಗಲಿ. ಕೈಬರಹ ಕೆಟ್ಟಿದ್ದರೆ ಮೂವತ್ತು ವರ್ಷ ಹೈಸ್ಕೂಲು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ಇದು ಎಂದು ಕ್ಷಮಿಸು.

ಹೇಳಬೇಕಾಗಿದ್ದು ಇಷ್ಟು. ಚಿತ್ರದುರ್ಗದಲ್ಲಿ ಸಣ್ಣದೊಂದು ಪ್ರಕಾಶನ ನಡೆಸುವ ಮೋಹನ್‌ಕುಮಾರ್ ನನ್ನ ಹಳೆಯ ವಿದ್ಯಾರ್ಥಿ. ಓದುವ ಮಕ್ಕಳಿಗೆಂದು ಧರ್ಮಗಳ ಚರಿತ್ರೆಯ ಪುಟ್ಟ ಪುಸ್ತಕಗಳನ್ನು ತರುತ್ತಿದ್ದಾನೆ. ಯೆಹೂದಿ ಧರ್ಮ ಮತ್ತು ಕ್ರೈಸ್ತ ಧರ್ಮ ಹುಟ್ಟಿ ಬೆಳೆದ ಮೊದಲ ಕಾಲದ ಬಗ್ಗೆ ತೊಂಬತ್ತಾರು ಪುಟ ಬರೆದುಕೊಡಿ ಎಂದ. ನಾವು ಎರಡೂ ಧರ್ಮದವರಲ್ಲವಲ್ಲಪ್ಪ ಎಂದೆ. ಅದಕ್ಕೇ ನಿಮ್ಮನ್ನು ಕೇಳುತ್ತಿರುವುದು ಮೇಡಂ, ಯಾರ ಪರವೂ ವಾದ ಮಾಡುವುದಿಲ್ಲ ಎಂದ. ಒಬ್ಬಳೇ ಬರೆಯಲಾರೆ, ಪಿಯು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದ ಗೆಳತಿಯೊಬ್ಬಳು ಹಿರಿಯೂರಿನಲ್ಲಿದ್ದಾಳೆ, ಅವಳಿದ್ದರೆ ಸರಿ ಎಂದುಬಿಟ್ಟೆ. ಯೆಹೂದಿಗಳ ಭಾಗ ನನ್ನದು, ಕ್ರೈಸ್ತರ ಭಾಗ ನಿನ್ನದು. ಬಿ.ಎಡ್. ಮಾಡುವಾಗ ಕೋಟೆ ಕೆಳಗಿನ ಆ ರೂಮಿನಲ್ಲಿ ಪಂಪ್ ಸ್ಟೌ ಮುಂದೆ ಕೂತು ನೋಟ್ಸ್ ಹಂಚಿಕೊಳ್ಳುತ್ತಿದ್ದೆವಲ್ಲ, ಹಾಗೇ ಅಂದುಕೋ.

ಇಲ್ಲ ಎನ್ನಬೇಡ.

ಅನುಸೂಯ


ಹಿರಿಯೂರು
3 ಜುಲೈ 2023

ಅನು,

ಕೇಳದೆಯೇ ನನ್ನ ಹೆಸರು ಹೇಳಿ ಬಂದಿದ್ದೀಯ, ಇನ್ನು ಒಪ್ಪದೆ ಏನು ಮಾಡಲಿ. ಒಂದು ಷರತ್ತು ಮಾತ್ರ ಇದೆ. ಗೊತ್ತಿರುವುದನ್ನು ಗೊತ್ತು ಎಂದು ಬರೆಯೋಣ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯೋಣ. ಮೋಶೆ ಇಂಥ ಇಸವಿಯಲ್ಲಿ ಜನರನ್ನು ಈಜಿಪ್ಟಿನಿಂದ ಹೊರಡಿಸಿದ ಎಂದು ನೀನು ಇಸವಿ ಹಾಕಿದರೆ ನಾನು ಹೊಡೆದುಹಾಕುತ್ತೇನೆ. ಹಾಗೆಯೇ ಯೇಸು ಹುಟ್ಟಿದ ದಿನಾಂಕವನ್ನು ನಾನು ಬರೆದರೆ ನೀನು ಹೊಡೆದುಹಾಕು. ಮಕ್ಕಳಿಗೆ ಪರೀಕ್ಷೆಯಲ್ಲಿ ಒಂದು ಅಂಕ ಹೋದರೂ ಚಿಂತೆಯಿಲ್ಲ.

ಅಕ್ಕ ಏಕಾಂತಮ್ಮನ ಮಂಡಿ ನೋವು ಹೆಚ್ಚಾಗಿದೆ. ನೆಲಕ್ಕೆ ಕೂತರೆ ಎಬ್ಬಿಸಲು ಇಬ್ಬರು ಬೇಕು. ನೀನು ಬಂದಾಗಲೆಲ್ಲ ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ ಕೂತು ಉಣ್ಣುತ್ತಿದ್ದೆವಲ್ಲ, ಈಗ ಅವಳಿಗೊಬ್ಬಳಿಗೆ ಕುರ್ಚಿ. ನನ್ನ ಕಾಲು ಗಟ್ಟಿಯಾಗಿವೆ. ಹೋದ ತಿಂಗಳು ಕಾಲೇಜಿನ ಹಳೆಯ ಸಹೋದ್ಯೋಗಿಗಳ ಜೊತೆ ಕೋಟೆ ಹತ್ತಿ ಇಳಿದೆ. ನಮ್ಮ ರೂಮಿದ್ದ ಓಣಿಯ ಕಡೆಗೂ ಹೋಗಿದ್ದೆ. ಅಲ್ಲೀಗ ಮೊಬೈಲ್ ರಿಪೇರಿ ಅಂಗಡಿ ಇದೆ.

ಆಗಸ್ಟಿನ ಹೊತ್ತಿಗೆ ಮೂರು ಅಧ್ಯಾಯ ಕಳಿಸುತ್ತೇನೆ.

ಮಂಗಳಾ


ಹೊಳಲ್ಕೆರೆ
18 ಆಗಸ್ಟ್ 2023

ಮಂಗಳಾ,

ನಿನ್ನ ಮೂರು ಅಧ್ಯಾಯವೂ ತಲುಪಿದವು. ಇದರ ಜೊತೆ ನನ್ನ ಬಾಬಿಲೋನಿನ ಅಧ್ಯಾಯ ಇದೆ. ಯೆರೂಸಲೇಮಿನ ದೇವಾಲಯ ಸುಟ್ಟುಹೋಗಿ, ಜನರನ್ನು ದೂರದೇಶಕ್ಕೆ ಸಾಗಿಸಿದ ಮೇಲೆ, ಗುಡಿಯಿಲ್ಲದೆ ಬಲಿಯಿಲ್ಲದೆ ದೇವರನ್ನು ನಂಬುವುದು ಹೇಗೆಂದು ಅವರು ಕಲಿತರು ನೋಡು, ಆ ಭಾಗವನ್ನು ಮೂರು ಸಲ ತಿದ್ದಿ ಬರೆದೆ. ಇಸವಿಗಳನ್ನು ಹುಷಾರಾಗಿ ಹಾಕಿದ್ದೇನೆ, ಕೆಂಪು ಪೆನ್ನು ಕೆಳಗಿಡು.

ಇನ್ನೊಂದು ಸಂಗತಿ ಸಿಕ್ಕಿತು. ನೈಲ್ ನದಿಯ ಎಲಿಫೆಂಟೈನ್ ಎಂಬ ದ್ವೀಪದಲ್ಲಿ ಯೆಹೂದಿಗಳ ಒಂದು ಕಾವಲು ಪಡೆ ಇತ್ತು. ಅವರ ಗುಡಿಯನ್ನು ಯಾರೋ ಕೆಡವಿದರು. ಪಡೆಯವರು ಯೆರೂಸಲೇಮಿನ ಪುರೋಹಿತರಿಗೆ ಪತ್ರ ಬರೆದರು. ಉತ್ತರವಿಲ್ಲ. ಮೂರು ವರ್ಷದ ಮೇಲೆ ರಾಜ್ಯಪಾಲನಿಗೆ ಮತ್ತೊಂದು ಪತ್ರ ಬರೆದು, ಅವರು ನಮಗೆ ಒಂದೂ ಓಲೆ ಕಳಿಸಲಿಲ್ಲ ಎಂದು ದೂರಿದರು. ಎರಡೂವರೆ ಸಾವಿರ ವರ್ಷದ ಹಿಂದಿನ ಕಾಗದದಲ್ಲಿ ಆ ಮುನಿಸು ಹಾಗೇ ಉಳಿದಿದೆ.

ನಿನ್ನ ಬರವಣಿಗೆ ಎಂದಿನಂತೆ ಒಂದು ಪದವೂ ಹೆಚ್ಚಿಲ್ಲ. ಆದರೂ ಪುಟ ಮೀರುತ್ತಿದೆ. ಮೂರನೆಯ ಅಧ್ಯಾಯದಲ್ಲಿ ಅಂತಿಯೋಕ್ಯದ ಊಟದ ಪ್ಯಾರಾ ಇದೆಯಲ್ಲ, ಅದನ್ನು ಬಿಡಬಹುದು ಅನಿಸಿತು. ಮಕ್ಕಳಿಗೆ ಅದು ಗೊಂದಲ. ದೊಡ್ಡ ದೊಡ್ಡ ಘಟನೆಗಳ ನಡುವೆ ಯಾರೋ ಊಟಕ್ಕೆ ಕೂತ, ಎದ್ದ ಎನ್ನುವುದು ಯಾಕೆ. ನಾನಾಗಲೇ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದೇನೆ. ನಿನ್ನ ಒಪ್ಪಿಗೆ ಬಂದರೆ ಮೋಹನ್‌ಕುಮಾರನಿಗೆ ಕೊಡುತ್ತೇನೆ.

ಅನು


ಹಿರಿಯೂರು
27 ಆಗಸ್ಟ್ 2023

ಅನು,

ಬಾಬಿಲೋನಿನ ಅಧ್ಯಾಯ ಚೆನ್ನಾಗಿದೆ. ಎರಡು ಇಸವಿ ತಿದ್ದಿದ್ದೇನೆ, ಕೋಪ ಮಾಡಿಕೊಳ್ಳಬೇಡ. ದ್ವೀಪದವರ ಕಾಗದದ ಸಂಗತಿ ಇರಲಿ.

ಅಂತಿಯೋಕ್ಯದ ಪ್ಯಾರಾ ಬಿಡಲಾಗದು. ಬೇಕಾದರೆ ರೋಮನ್ ಚಕ್ರವರ್ತಿಗಳ ಪಟ್ಟಿ ತೆಗೆ. ಮೊದಲ ವರ್ಷಗಳಲ್ಲಿ ಅದು ಹೊಸ ಧರ್ಮವೇ ಅಲ್ಲ, ಯೆಹೂದಿಗಳೊಳಗಿನ ಒಂದು ಪಂಗಡ. ಯೇಸು ಯೆಹೂದಿ, ಅವನ ಶಿಷ್ಯ ಪೇತ್ರ ಯೆಹೂದಿ, ಯೇಸುವಿನ ಮಾತನ್ನು ಊರೂರಿಗೆ ಒಯ್ದ ಪೌಲನೂ ಯೆಹೂದಿ. ಬೇರೆ ಜನ ಬಂದು ಸೇರತೊಡಗಿದಾಗ ಜಗಳ ದೇವರ ಬಗ್ಗೆ ಎದ್ದಷ್ಟೇ ಊಟದ ಬಗ್ಗೆಯೂ ಎದ್ದಿತು. ಅವರ ಜೊತೆ ಕೂತು ಉಣ್ಣಬಹುದೋ ಇಲ್ಲವೋ ಎಂಬುದೇ ಪ್ರಶ್ನೆ. ನಾನು ಬರೆದಿದ್ದು ಎಂಟೇ ಸಾಲು. ನೀನು ಗೀಟು ಎಳೆದದ್ದನ್ನು ಮತ್ತೆ ಬರೆದು ಕಳಿಸುತ್ತಿದ್ದೇನೆ:

“ಪೇತ್ರನು ಅಂತಿಯೋಕ್ಯ ಪಟ್ಟಣಕ್ಕೆ ಬಂದಾಗ ಯೆಹೂದಿಗಳಲ್ಲದವರ ಜೊತೆ ಕೂತು ಉಣ್ಣುತ್ತಿದ್ದ. ಅಷ್ಟರಲ್ಲಿ ಯೆರೂಸಲೇಮಿನಿಂದ, ಅಲ್ಲಿನ ಸಭೆಯ ಹಿರಿಯ ಯಾಕೋಬನ ಕಡೆಯ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರನು ಹಿಂದೆ ಸರಿದ, ಬೇರೆಯಾಗಿ ಕೂತ. ಅವನನ್ನು ನೋಡಿ ಇತರರೂ ಸರಿದರು. ಪೌಲನು ಎಲ್ಲರ ಮುಂದೆ ಅವನ ಮುಖದ ಮುಂದೆಯೇ ಖಂಡಿಸಿದ. ಈ ಸಂಗತಿ ನಮಗೆ ತಿಳಿದಿರುವುದು ಪೌಲನು ಗಲಾತ್ಯದವರಿಗೆ ಬರೆದ ಕಾಗದದಿಂದ ಮಾತ್ರ. ಬಂದವರು ಏನಾದರೂ ಅಂದರೋ ಇಲ್ಲವೋ ಎಂಬುದು ಅದರಲ್ಲಿಲ್ಲ. ಪೇತ್ರನು ಏನು ಉತ್ತರ ಕೊಟ್ಟ ಎಂಬುದೂ ಇಲ್ಲ.”

ಇದರಲ್ಲಿ ಗೊಂದಲ ಎಲ್ಲಿದೆ? ನಮ್ಮೂರಿನ ಮಕ್ಕಳಿಗೆ ಇಡೀ ಪುಸ್ತಕದಲ್ಲಿ ತಟ್ಟನೆ ಅರ್ಥವಾಗುವುದು ಇದೊಂದೇ.

ಮಂಗಳಾ


ಹೊಳಲ್ಕೆರೆ
9 ಸೆಪ್ಟೆಂಬರ್ 2023

ಮಂಗಳಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಸುತ್ತಿ ಬಳಸಿ ಯಾಕೆ. ಆ ಎಂಟು ಸಾಲು ನೀನು ಮಕ್ಕಳಿಗೆ ಬರೆದದ್ದಲ್ಲ, ನನಗೆ ಬರೆದದ್ದು. ಪುಟ ಹೆಚ್ಚಾಯಿತು ಎಂದು ನಾನು ಹೇಳಿದ್ದೂ ಸುಳ್ಳು. ಅದನ್ನು ಓದಿದ ದಿನ ನನಗೆ ಅನ್ನ ಸೇರಲಿಲ್ಲ.

1987ರ ಫೆಬ್ರವರಿ, ಒಂದು ಭಾನುವಾರ. ಹಾಸ್ಟೆಲ್ಲಿನಲ್ಲಿ ಸೀಟು ಸಿಗದೆ ನೀನು ರೂಮು ಹುಡುಕುತ್ತಿದ್ದೆ. ಕೇರಿಯ ಹುಡುಗಿ ಎಂದು ತಿಳಿದ ಕೂಡಲೇ ಇಲ್ಲ ಎಂದವರೇ ಎಲ್ಲ. ನನ್ನ ರೂಮಿಗೆ ಬಾ ಎಂದವಳು ನಾನು, ಆ ಜಂಬ ನನಗೆ ಎಷ್ಟಿತ್ತು ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. ಇಬ್ಬರಿಗೂ ಸೇರಿ ಒಂದೇ ಗಂಗಾಳ, ಅದೂ ನಿಮ್ಮಪ್ಪ ಕರಿಯಣ್ಣನವರು ಕೂಲಿ ಮುಗಿಸಿ ಬರುವಾಗ ಸಂತೆಯಲ್ಲಿ ಕೊಂಡು ಕೊಟ್ಟದ್ದು. ಮುದ್ದೆ, ಹುರುಳಿಕಾಳಿನ ಸಾರು. ನಡುವೆ ಮುದ್ದೆ ಇಟ್ಟುಕೊಂಡು ಆ ಕಡೆಯಿಂದ ನೀನು, ಈ ಕಡೆಯಿಂದ ನಾನು ಮುರಿಯುತ್ತಿದ್ದೆವು. ಆಗ ಬಾಗಿಲಲ್ಲಿ ಮಾಡದಕೆರೆಯ ಮಲ್ಲಕ್ಕ ದೊಡ್ಡಮ್ಮ ನಿಂತಿದ್ದಳು. ಅವ್ವನ ಅಕ್ಕ. ನಮ್ಮ ಮನೆಯಲ್ಲಿ ಅವಳ ಮಾತೇ ಕೊನೆ. ನನಗೆ ಗಂಡು ನೋಡಿದ ವಿಷಯ ಹೇಳಲು ಬಂದಿದ್ದಳು.

ನಾನು ಎದ್ದೆ. ಕೈಯನ್ನು ಲಂಗದ ಹಿಂದೆ ಒರೆಸಿಕೊಂಡೆ. “ಬಾ ದೊಡ್ಡಮ್ಮ, ನಂದು ಊಟ ಆಗ್ಲೇ ಆತು. ಇವ್ಳು ಪಕ್ಕದ ರೂಮಿನೋಳು, ಉಣ್ಣಾಕೆ ಬಂದಿದ್ಲು” ಎಂದೆ. ನೀನು ನನ್ನ ಮುಖ ನೋಡಿದೆ. ಆಮೇಲೆ ಗಂಗಾಳ ಎತ್ತಿಕೊಂಡು ಹೊರಗೆ ಹೋದೆ. ದೊಡ್ಡಮ್ಮ ಸಂಜೆಯ ಬಸ್ಸಿಗೆ ಹೊರಡುವ ತನಕ ನೀನು ಒಳಗೆ ಬರಲಿಲ್ಲ. ಪಕ್ಕದ ರೂಮು ಎಂಬುದೇ ಇರಲಿಲ್ಲ, ನೀನು ಅಷ್ಟು ಹೊತ್ತು ಎಲ್ಲಿ ಕೂತಿದ್ದೆಯೋ, ನಾನು ಇವತ್ತಿನವರೆಗೂ ಕೇಳಿಲ್ಲ.

ಅವಳಿಗೆ ಗೊತ್ತಾದರೆ ಓದು ಬಿಡಿಸಿ ಕರೆದೊಯ್ಯುತ್ತಾಳೆ ಎಂದು ಹೆದರಿದ್ದೆ. ಆ ಹೆದರಿಕೆ ಸುಳ್ಳಲ್ಲ. ಆದರೂ ತಪ್ಪಾಯಿತು. ಮೂವತ್ತಾರು ವರ್ಷದಿಂದ ತಪ್ಪಾಯಿತು.

ಅನು


ಹೊಳಲ್ಕೆರೆ
14 ನವೆಂಬರ್ 2023

ಮಂಗಳಾ,

ಎರಡು ತಿಂಗಳಾಯಿತು. ಆ ದ್ವೀಪದವರ ಸಂಕಟ ಈಗ ಚೆನ್ನಾಗಿ ಅರ್ಥವಾಗುತ್ತಿದೆ. ಅಂಚೆಯವನು ಗೇಟು ದಾಟಿ ಮುಂದೆ ಹೋದ ದಿನವೆಲ್ಲ ನನಗೆ ಮನೆಯವರ ಮೇಲೆ ಸಿಡುಕು. ನಮ್ಮ ಯಜಮಾನರು ಲಕ್ಷ್ಮೀಕಾಂತ್ ಪಾಪ, ಏನಾಯ್ತು ಎಂದು ಕೇಳುವುದನ್ನೇ ಬಿಟ್ಟಿದ್ದಾರೆ.

ಡಿಸೆಂಬರ್ 10, ಭಾನುವಾರ, ನನ್ನ ಮಗಳು ಬೃಂದಾಳ ಮಗುವಿಗೆ ಹೆಸರಿಡುವುದು. ಮನೆಯಲ್ಲೇ, ಹತ್ತಿರದವರು ಮಾತ್ರ. ಮಲ್ಲಕ್ಕ ದೊಡ್ಡಮ್ಮನೂ ಬರುತ್ತಾಳೆ. ವಯಸ್ಸು ತೊಂಬತ್ತರ ಹತ್ತಿರ, ಕಣ್ಣು ಕಿವಿ ಎರಡೂ ನಮಗಿಂತ ಚುರುಕು. ನೀನು ಬರಬೇಕು. ಅವಳ ಮುಂದೆ ನಿನ್ನ ಪಕ್ಕ ಕೂತು ನಾನು ಉಣ್ಣಬೇಕು. ಇದನ್ನು ಬಿಟ್ಟು ನಿನ್ನ ಹತ್ತಿರ ನಾನು ಇನ್ನೇನೂ ಕೇಳುವುದಿಲ್ಲ.

ಪ್ಯಾರಾದ ವಿಷಯ ಆಮೇಲೆ ಮಾತಾಡೋಣ. ಮೋಹನ್‌ಕುಮಾರನಿಗೆ ಇನ್ನೂ ಏನೂ ಕೊಟ್ಟಿಲ್ಲ.

ಅನು


ಹಿರಿಯೂರು
25 ನವೆಂಬರ್ 2023

ಅನು,

ಬರುತ್ತೇನೆ.

ತಡವಾಗಿ ಬರೆಯುತ್ತಿರುವುದಕ್ಕೆ ಸಿಟ್ಟು ಕಾರಣವಲ್ಲ. ಏನು ಬರೆದರೂ ಸುಳ್ಳು ಅನಿಸುತ್ತಿತ್ತು. ಮೊದಲು ಇದನ್ನು ತಿಳಿದುಕೋ. ಆ ಎಂಟು ಸಾಲು ಬರೆಯುವಾಗ ನೀನು ನನ್ನ ನೆನಪಿನಲ್ಲಿರಲಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಆ ಘಟನೆಯನ್ನು ಹೇಳಿದ್ದೇನೆ, ಯಾವತ್ತೂ ನಿನ್ನನ್ನು ನೆನೆಸಿಕೊಂಡು ಹೇಳಿದ್ದಲ್ಲ. ಅದಕ್ಕೆ ಗೀಟು ಎಳೆದೆ ಎಂದು ನೀನು ಬರೆದ ಮೇಲೆಯೇ ನನಗೆ ಆ ಭಾನುವಾರ ನೆನಪಾಗಿದ್ದು.

ನಾನು ಕೂತಿದ್ದು ಓಣಿಯ ಕೊನೆಯ ಬೋರ್‌ವೆಲ್ ಕಟ್ಟೆಯ ಮೇಲೆ. ಮುದ್ದೆ ಪೂರ್ತಿ ಉಂಡೆ, ನಿನ್ನ ಪಾಲನ್ನೂ.

ಬಸ್ಸಿನಲ್ಲಿ ಬರುತ್ತೇನೆ, ಯಾರನ್ನೂ ಕಳಿಸಬೇಡ.

ಮಂಗಳಾ


ಹಿರಿಯೂರು
19 ಡಿಸೆಂಬರ್ 2023

ಅನು,

ಮಗುವಿಗೆ ಹೆಸರು ಚೆನ್ನಾಗಿ ಆರಿಸಿದ್ದೀರಿ. ಬೃಂದಾ ನನ್ನ ಕಾಲು ಮುಟ್ಟಿದಳು, ಲಕ್ಷ್ಮೀಕಾಂತ್ ಬಸ್‌ಸ್ಟ್ಯಾಂಡಿನವರೆಗೆ ಬಂದು ಸೀಟು ಹಿಡಿದುಕೊಟ್ಟರು. ಇದನ್ನೆಲ್ಲ ಮೊದಲು ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನದು ಕಹಿ.

ನಡುಮನೆಯಲ್ಲಿ ಚಾಪೆ ಹಾಸಿ ಎಲೆ ಹಾಕಿದ್ದರು. ಮಲ್ಲಕ್ಕನವರು ಮೊದಲು ಕೂತರು, ಅವರ ಪಕ್ಕ ಒಂದು ಎಲೆ ಖಾಲಿ ಇತ್ತು. ನಾನು ಆ ಕಡೆ ಎರಡು ಹೆಜ್ಜೆ ಇಟ್ಟೆ. ನೀನು ನನ್ನ ಕೈ ಹಿಡಿದೆ. “ನಿನ್ ಮಂಡಿ ನೋವೈತಲ್ಲ, ನೆಲಕ್ ಯಾಕೆ, ಬಾ” ಎಂದು ಒಳಗಿನ ಕೋಣೆಗೆ ಕರೆದುಕೊಂಡು ಹೋದೆ. ಅಲ್ಲಿ ಕುರ್ಚಿ, ಮೇಜು, ಮೇಜಿನ ಮೇಲೆ ಹೊಸ ಬಟ್ಟೆ. ಬೆಳ್ಳಿಲೋಟದಲ್ಲಿ ನೀರು. ಹೋಳಿಗೆಯ ಮೇಲೆ ತುಪ್ಪವನ್ನು ನೀನೇ ಕೈಯಾರೆ ಎರಡು ಸಲ ಹಾಕಿದೆ. ಈಗ ಬರ್ತೀನಿ, ನಿಧಾನಕ್ಕೆ ಉಣ್ಣು ಎಂದು ಹೋದೆ. ಬಾಗಿಲು ಅರ್ಧ ತೆರೆದಿತ್ತು. ಆ ಖಾಲಿ ಎಲೆಯ ಮುಂದೆ ನೀನು ಕೂತದ್ದು ನನಗೆ ಕಂಡಿತು.

ಅನು, ನನಗೆ ಮಂಡಿ ನೋವಿಲ್ಲ. ಯಾವತ್ತೂ ಇರಲಿಲ್ಲ. ಅದು ಅಕ್ಕ ಏಕಾಂತಮ್ಮನದು.

ನೀನು ಬೇಕೆಂದೇ ಮಾಡಿದೆ ಎನ್ನುತ್ತಿಲ್ಲ. ಬೇಕೆಂದೇ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ನೀನು ನನಗೆ ಮರ್ಯಾದೆ ಮಾಡುತ್ತಿದ್ದೇನೆ ಎಂದೇ ನಂಬಿದ್ದೆ, ನಿನ್ನ ಮುಖದಲ್ಲಿ ಅಷ್ಟು ಸಂತೋಷವಿತ್ತು. ಹಿರಿಯೂರಿಗೆ ಬಂದರೆ ನಮ್ಮ ಅಡುಗೆಮನೆಯಲ್ಲಿ ನನ್ನ ಗಂಗಾಳಕ್ಕೇ ಕೈ ಹಾಕುತ್ತೀಯ. ಯಾರೂ ಇಲ್ಲದಾಗ ನೀನು ನನ್ನ ಜೊತೆ ಉಣ್ಣುವುದು ಹೊಸದೇನಲ್ಲ. ಪೇತ್ರನೂ ಉಣ್ಣುತ್ತಿದ್ದ.

ನನ್ನ ಪಾಲಿನ ತಪ್ಪನ್ನೂ ಬರೆದುಬಿಡುತ್ತೇನೆ. ಆ ಭಾನುವಾರ ನಿನ್ನ ದೊಡ್ಡಮ್ಮ ಹೋದ ಮೇಲೆ ನಾನು ಒಳಗೆ ಬಂದು ಸ್ಟೌ ಹಚ್ಚಿ ನಿನಗೆ ಮತ್ತೆ ಮುದ್ದೆ ಮಾಡಿಕೊಟ್ಟೆ. ನೀನು ಉಂಡೆ. ನಾನು ನಾಳಿನ ಪಾಠಯೋಜನೆಯ ಬಗ್ಗೆ ಮಾತಾಡಿದೆ. ಪೌಲ ಮುಖದ ಮುಂದೆ ಹೇಳಿದ. ನಾನು ಸಾರು ಬಡಿಸಿದೆ. ರೂಮು ಹೋದೀತು ಎಂಬ ಹೆದರಿಕೆ ನನಗೂ ಇತ್ತು. ಅವತ್ತೇ ಹೇಳಿದ್ದರೆ ಈ ಡಿಸೆಂಬರಿನಲ್ಲಿ ನಿನಗೆ ನನ್ನ ಮಂಡಿ ನೆನಪಾಗುತ್ತಿರಲಿಲ್ಲವೋ ಏನೋ. ಈಗ ಹೇಳುತ್ತಿದ್ದೇನೆ. ನೀನು ಮಾಡಿದ್ದು ತಪ್ಪು, ಎರಡು ಸಲವೂ.

ಪುಸ್ತಕ ನಿನಗೆ ಬಿಟ್ಟದ್ದು. ಪ್ಯಾರಾ ತೆಗೆದರೆ ನನ್ನ ಹೆಸರನ್ನೂ ತೆಗೆ.

ಮಂಗಳಾ


ಹೊಳಲ್ಕೆರೆ
11 ಜನವರಿ 2024

ಮಂಗಳಾ,

ನಿನ್ನ ಜುಲೈ ತಿಂಗಳ ಕಾಗದವನ್ನು ಹುಡುಕಿ ತೆಗೆದೆ. ಏಕಾಂತಮ್ಮಕ್ಕನ ಮಂಡಿ ಎಂದು ದುಂಡಗೆ ಬರೆದಿದ್ದೀಯ. ನಿನ್ನ ಕಾಲು ಗಟ್ಟಿಯಾಗಿವೆ ಎಂದೂ, ಕೋಟೆ ಹತ್ತಿದೆ ಎಂದೂ ಅದರಲ್ಲೇ ಇದೆ. ನಾನು ಅದನ್ನು ಓದಿದ್ದೆ. ಆದರೂ ಡಿಸೆಂಬರಿನ ಹೊತ್ತಿಗೆ ನೋವು ನಿನ್ನ ಮಂಡಿಗೆ ಬಂದಿತ್ತು. ನನ್ನ ಮನಸ್ಸಿಗೆ ಅದು ಬೇಕಾಗಿತ್ತು, ಅದಕ್ಕೇ ಬಂತು. ಮೇಜಿನ ಬಟ್ಟೆ ಕೊಳ್ಳಲು ಎರಡು ಅಂಗಡಿ ಸುತ್ತಿದ್ದೆ ಎಂದರೆ ನಂಬುತ್ತೀಯ? ನಿನ್ನನ್ನು ಹೊರಗೆ ಕೂರಿಸಲು ಅಷ್ಟು ಪ್ರೀತಿಯಿಂದ ತಯಾರಿ ಮಾಡಿದ್ದೆ. ಇದನ್ನು ಬರೆಯುವಾಗ ಅಳು ಬರುತ್ತಿದೆ, ಅದರಿಂದ ಯಾರಿಗೂ ಉಪಯೋಗವಿಲ್ಲ ಎಂದೂ ಗೊತ್ತು.

ಸಂಕ್ರಾಂತಿಗೆ ಮೊದಲೇ ಮಾಡದಕೆರೆಗೆ ಹೋಗಿಬಂದೆ. ದೊಡ್ಡಮ್ಮ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದುರಿಗೆ ಕೂತು ಎಲ್ಲ ಹೇಳಿದೆ. ಅವತ್ತು ರೂಮಿನಲ್ಲಿದ್ದವಳು ಪಕ್ಕದ ರೂಮಿನವಳಲ್ಲ, ನನ್ನ ಜೊತೆಯವಳು, ಒಂದೇ ಗಂಗಾಳದಲ್ಲಿ ಉಣ್ಣುತ್ತಿದ್ದೆವು, ಮೊನ್ನೆ ಒಳಗಿನ ಕೋಣೆಯಲ್ಲಿ ಉಂಡವಳೂ ಅವಳೇ ಎಂದೆ. ಯಾವ ಕೇರಿಯವಳು ಎಂದೂ ಹೇಳಿದೆ. ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

“ನಂಗೇನ್ ಗೊತ್ತಿಲ್ಲ ಅಂದ್ಕಂಡಿದ್ಯಾ? ನಿನ್ ಬೆರಳಿಗೆ ಮುದ್ದೆ ಮೆತ್ಕಂಡಿತ್ತು. ಬೆಳಿಗ್ಗೆ ಬಸ್ ಹತ್ತಿದೋಳು ನಾನು, ಹೊಟ್ಟೆ ಹಸಿದಿತ್ತು, ಸಾರಿನ ವಾಸ್ನೆ ಬರ್ತಿತ್ತು. ನೀನು ಉಂಡಾತು ಅಂದೆ. ನಂಗೂ ಬರೀ ನೀರು ಕೊಟ್ಟು ಕಳಿಸ್ದೆ.”

ಅವತ್ತು ನಿಜ ಹೇಳಿದ್ದರೆ ಕೂತು ಉಣ್ಣುತ್ತಿದ್ದೆಯಾ ದೊಡ್ಡಮ್ಮ ಎಂದು ಕೇಳಿದೆ.

“ಉಣ್ತಿದ್ನೋ, ನಿನ್ ಜುಟ್ಟು ಹಿಡ್ಕಂಡು ಊರಿಗೆ ಎಳ್ಕಂಡ್ ಬರ್ತಿದ್ನೋ, ಈಗ ಹೆಂಗ್ ಹೇಳ್ಲಿ. ಆದ್ರೆ ನೀನು ಕೇಳ್ಲೇ ಇಲ್ವಲ್ಲೇ.”

ಈಗ ಕೇಳುತ್ತಿದ್ದೇನೆ, ಅವಳ ಪಕ್ಕ ಕೂತು ಉಣ್ಣುತ್ತೀಯಾ ಎಂದೆ. ಅವಳು ಸುಲಿದ ಕಾಳನ್ನು ಮೊರಕ್ಕೆ ಹಾಕಿದಳು. ಆಮೇಲೆ ಎಲೆ ಅಡಿಕೆ ಚೀಲ ತಂದುಕೊಡು ಎಂದಳು. ಅದು ಹೂಂ ಎಂದೋ ಊಹೂಂ ಎಂದೋ ನನಗೆ ತಿಳಿಯಲಿಲ್ಲ. ಅವಳ ಪರವಾಗಿ ನಾನು ಉತ್ತರ ಬರೆಯುವುದಿಲ್ಲ. ಮೂವತ್ತಾರು ವರ್ಷ ಅವಳ ಪರವಾಗಿ ಉತ್ತರ ಹೇಳಿಕೊಂಡು ಬಂದದ್ದೇ ಸಾಕು.

ಬಂದವರು ಏನಾದರೂ ಅಂದರೋ ಇಲ್ಲವೋ ಎಂಬುದು ಆ ಕಾಗದದಲ್ಲಿಲ್ಲ ಎಂದು ನೀನು ಬರೆದಿದ್ದೆ. ಆ ಸಾಲು ನನಗೆ ಈಗ ಅರ್ಥವಾಯಿತು. ದೊಡ್ಡಮ್ಮನಿಗೆ ಹೆದರಿ ಎದ್ದೆ ಎಂದುಕೊಂಡಿದ್ದೆ. ಅವಳು ಬಾಯಿ ತೆರೆಯುವ ಮೊದಲೇ ನಾನು ಎದ್ದಾಗಿತ್ತು. ನನ್ನ ಹತ್ತಿರ ಇದ್ದ ಒಂದೇ ಒಂದು ನೆಪವೂ ಹೋಯಿತು ಮಂಗಳಾ. ತಪ್ಪೆಲ್ಲ ನನ್ನದೇ ಎಂದು ಈಗ ಬರೆದುಕೊಡುತ್ತಿದ್ದೇನೆ.

ಗೀಟು ಅಳಿಸಿದ್ದೇನೆ. ಪ್ಯಾರಾ ಪೂರ್ತಿ ಇದೆ, ಚಕ್ರವರ್ತಿಗಳ ಪಟ್ಟಿ ತೆಗೆದಿದ್ದೇನೆ. ಕೊನೆಗೆ ಒಂದು ಸಾಲನ್ನು ನಾನು ಸೇರಿಸಿದ್ದೇನೆ: “ಪೇತ್ರನು ಬರೆದ ಉತ್ತರ ಕಳೆದುಹೋಗಿದೆ.” ಕರಡನ್ನು ಮೋಹನ್‌ಕುಮಾರ್ ನೇರವಾಗಿ ನಿನಗೇ ಕಳಿಸುತ್ತಾನೆ. ನಿನ್ನ ಕೆಂಪು ಪೆನ್ನು ಏನು ಹೇಳಿದರೂ ಅದೇ ಕೊನೆ.

ಊಟಕ್ಕೆ ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಹಿರಿಯೂರಿಗೆ ಬರುತ್ತೇನೆ ಎನ್ನಲೂ ನಾಚಿಕೆ. ಯಾರೂ ನೋಡದ ಆ ಅಡುಗೆಮನೆಯಲ್ಲಿ ಉಂಡದ್ದು ಲೆಕ್ಕಕ್ಕಿಲ್ಲ.

ಅನುಸೂಯ


ಹಿರಿಯೂರು
2 ಫೆಬ್ರವರಿ 2024

ಅನು,

ಕರಡು ಓದಿ ಮುಗಿಸಿದೆ. ತಪ್ಪುಗಳು ಕಡಿಮೆ ಇವೆ. ಅರವತ್ತೊಂದನೆಯ ಪುಟದಲ್ಲಿ ನೀನು ಸೇರಿಸಿದ ಸಾಲನ್ನು ಹೊಡೆದುಹಾಕಿದ್ದೇನೆ. ಕಳೆದುಹೋಗಿದೆ ಎಂದರೆ ಅವನು ಬರೆದಿದ್ದ ಎಂದಾಗುತ್ತದೆ. ಪೇತ್ರನು ಪೌಲನಿಗೆ ಉತ್ತರ ಬರೆದನೋ ಇಲ್ಲವೋ ನಮಗೆ ಗೊತ್ತಿಲ್ಲ. ಇಬ್ಬರೂ ಮತ್ತೆ ಒಟ್ಟಿಗೆ ಕೂತು ಉಂಡರೋ ಇಲ್ಲವೋ, ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯಬೇಕು ಎಂದು ಮೊದಲೇ ಒಪ್ಪಿದ್ದೆವು.

ನೀನು ಬರೆದ ಉತ್ತರ ಮಾತ್ರ ನನಗೆ ತಲುಪಿದೆ.

ಮಂಗಳಾ